ಮನೆಯ ಯಜಮಾನರ ಸಹಿ

ಗಾಯ ನೋಡಿದರೆ ಸಾಕು, ಅದು ಯಾವುದರಿಂದ ಆದದ್ದು ಎಂದು ಹತ್ತಿಯಮ್ಮ ಹೇಳಿಬಿಡುತ್ತಿದ್ದಳು. ಬೆಲ್ಟಿನ ಕೊಂಡಿ ಬಿದ್ದರೆ ಚರ್ಮ ಚೌಕವಾಗಿ ಏಳುತ್ತದೆ. ಉಂಗುರದ ಕೈ ಬಿದ್ದರೆ ಹುಬ್ಬಿನ ಮೇಲೆ ಸಣ್ಣ ಸೀಳು. ತಲೆಯನ್ನು ಗೋಡೆಗೆ ಚಚ್ಚಿದ್ದರೆ ಕೂದಲ ಬುಡದಲ್ಲಿ ಸುಣ್ಣದ ಪುಡಿ ಇರುತ್ತದೆ. "ಮೆಟ್ಟಿಲಿಂದ ಜಾರಿ ಬಿದ್ದೆ" ಎಂದು ಯಾರಾದರೂ ಹೆಂಗಸು ಹೇಳಿದರೆ, ಚಿಮಟದಲ್ಲಿ ಹಿಡಿದ ಹತ್ತಿಯನ್ನು ಔಷಧಿಗೆ ಅದ್ದುತ್ತಾ, "ನಿಮ್ಮ ಮೆಟ್ಟಿಲಿಗೆ ಉಂಗುರ ಬೇರೆ ತೊಡಿಸಿದೀರಾ?" ಎಂದು ಕೇಳುತ್ತಿದ್ದಳು. ಹೊಲಿಗೆ ಬೀಳುವ ಹೊತ್ತಿನಲ್ಲೂ ಕೆಲವರು ನಕ್ಕುಬಿಡುತ್ತಿದ್ದರು.

ಆಕೆ ಗಾಯಗಳಿಗೆ ಪಟ್ಟಿ ಕಟ್ಟುತ್ತಿದ್ದ ಆಸ್ಪತ್ರೆಯಲ್ಲೇ ನಾನು ಕಾಂಪೌಂಡರ್. ನನ್ನ ಔಷಧಿ ಕಿಟಕಿಗೆ ನೇರ ಎದುರಿಗೆ ಆಕೆಯ ಡ್ರೆಸ್ಸಿಂಗ್ ಕೋಣೆಯ ಬಾಗಿಲು. ಬಾಗಿಲ ಹೊರಗೆ ಒಂದು ಉದ್ದ ಬೆಂಚು, ಒಳಗೆ ರೆಕ್ಸಿನ್ ಹರಿದ ಮಂಚ, ಕುದಿಯುವ ನೀರಿನಲ್ಲಿ ಕತ್ತರಿಗಳು, ಅರ್ಧಕ್ಕೆ ಬಿಳಿ ಬಣ್ಣ ಬಳಿದ ಕಿಟಕಿ. ಆಕೆಯ ತಲೆಗೂದಲಿಗೆ ಸದಾ ಹತ್ತಿಯ ಎಳೆ ಅಂಟಿಕೊಂಡಿರುತ್ತಿದ್ದುದರಿಂದ ಆ ಹೆಸರು ಬಂತು. ಎಡಗಿವಿ ಕೇಳಿಸುತ್ತಿರಲಿಲ್ಲ. ಮದುವೆಯಾದ ಮೂರನೇ ತಿಂಗಳು ಗಂಡ ಕೆನ್ನೆಗೆ ಬಾರಿಸಿದ ಏಟಿಗೆ ಕಿವಿಯ ತಮಟೆ ಒಡೆದಿತ್ತು. ಆತ ಲಾರಿ ಓಡಿಸುತ್ತಿದ್ದ, ಲಾರಿ ಮಗುಚಿಯೇ ಸತ್ತ. ಆಕೆ ಅವತ್ತು ಅತ್ತಳು, ನಿಜವಾಗಿಯೂ ಅತ್ತಳು. ಹದಿನೈದು ದಿನ ಕಳೆದ ಮೇಲೆ, "ಈಗ ನಿದ್ದೆ ಚೆನ್ನಾಗಿ ಬರುತ್ತೆ ಕಾಂಪೌಂಡರೇ" ಎಂದು ನನ್ನ ಹತ್ತಿರ ಮೆಲ್ಲಗೆ ಒಪ್ಪಿಕೊಂಡಳು.

ಇದ್ದವಳು ಒಬ್ಬಳೇ ಮಗಳು. ನಾಲ್ಕು ಬೀದಿ ಆಚೆ ಒಬ್ಬ ಬಡಗಿಗೆ ಕೊಟ್ಟು ಮದುವೆ ಮಾಡಿದ್ದಳು. ಕೈಕೆಲಸದಲ್ಲಿ ಆತನನ್ನು ಮೀರಿಸುವವರಿಲ್ಲ ಎಂಬ ಮಾತಿತ್ತು, ಮಗಳ ಬೆನ್ನು ನೋಡಿದರೆ ಅದು ಬೇರೆ ರೀತಿಯಲ್ಲೂ ನಿಜವಾಗಿತ್ತು. ಒಮ್ಮೆ ಮಗಳು ಮುರಿದ ಹಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ತವರಿಗೆ ಬಂದಿದ್ದಳು. ಅಳಿಯ ಬಂದು ಬಾಗಿಲಲ್ಲಿ ಕೈಮುಗಿದು ನಿಂತ. ಹತ್ತಿಯಮ್ಮ ಮೂರನೇ ದಿನಕ್ಕೆ ಮಗಳನ್ನು ಕಳಿಸಿಕೊಟ್ಟಳು, "ಹೊಂದಿಕೊಂಡು ಹೋಗು" ಎಂದು ಹೇಳಿಯೇ ಕಳಿಸಿದಳು. ಊರಿನವರ ಗಾಯ ಓದಲು ಬಲ್ಲವಳು ಮನೆಯದಕ್ಕೆ ಕಣ್ಣು ಮುಚ್ಚಿದ್ದು ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಯೋಗ್ಯತೆ ನನಗೂ ಇರಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಡ್ರೆಸ್ಸಿಂಗ್ ಕೋಣೆಯಲ್ಲಿ ಒಂದು ರಿಜಿಸ್ಟರ್ ಇತ್ತು. ತಾರೀಕು, ಹೆಸರು, ವಯಸ್ಸು, ಗಾಯ, ಕಾರಣ. ಕಾರಣದ ಕಾಲಂನಲ್ಲಿ ಹತ್ತಿಯಮ್ಮ ಇಪ್ಪತ್ತೆರಡು ವರ್ಷ ಒಂದೇ ಮಾತು ಬರೆದಳು: ಬಿದ್ದದ್ದು. ಹೊಡೆದದ್ದು ಎಂದು ಬರೆದರೆ ಪೊಲೀಸರಿಗೆ ತಿಳಿಸಬೇಕು. ಪೊಲೀಸಪ್ಪ ಬರುತ್ತಾನೆ, ಗಂಡನನ್ನು ಜಗಲಿಯಲ್ಲಿ ಕೂರಿಸಿಕೊಂಡು ಬುದ್ಧಿ ಹೇಳುತ್ತಾನೆ, ರಾಜಿ ಮಾಡಿಸಿ ಹೊರಟುಹೋಗುತ್ತಾನೆ. ಆಮೇಲೆ ಆ ಹೆಂಗಸಿಗೆ ಪೊಲೀಸಪ್ಪನ ಪಾಲಿನ ಏಟೂ ಸೇರಿ ಬೀಳುತ್ತದೆ. ಆ ಏಟು ಬೀಳದಿರಲಿ ಎಂದೇ ಆಕೆ 'ಬಿದ್ದದ್ದು' ಎಂದು ಬರೆಯುತ್ತಿದ್ದಳು. ಅದು ದಯೆಯಿಂದ ಹೇಳಿದ ಸುಳ್ಳು.

ಹೀಗಿರುವಾಗ ಮೇಲಿನಿಂದ 'ನೆಮ್ಮದಿ ಮನೆ' ಎಂಬ ಕಾರ್ಯಕ್ರಮ ಇಳಿಯಿತು. ಬೇರೆಲ್ಲೋ ಅದು ಬಹಳ ಯಶಸ್ವಿಯಾಗಿತ್ತಂತೆ. ಗಾಯವಾಗಿ ಬಂದ ಪ್ರತಿ ಹೆಂಗಸಿಗೂ ಆರು ಪ್ರಶ್ನೆ ಕೇಳಬೇಕು. ಎರಡಕ್ಕೆ ಹೌದು ಎಂದರೆ ಫಾರಂ ತುಂಬಿ ಮೇಲಕ್ಕೆ ಕಳಿಸಬೇಕು. ಸರದಿ ಬಂದ ಬುಧವಾರ ಹಳದಿ ಜಾಕೀಟಿನ ಇಬ್ಬರು ಆ ಮನೆಗೆ ಹೋಗಿ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ಒಂದು ಕರಪತ್ರ ಓದಿ ಹೇಳುತ್ತಾರೆ. ಹಿಂದೆ ಎಲ್ಲೋ ಮನೆಗೆ ಹೋಗದೆಯೇ ಹೋದೆವೆಂದು ಬರೆದುಕೊಂಡ ಸಿಬ್ಬಂದಿ ಇದ್ದರಂತೆ. ಅದಕ್ಕಾಗಿ ಫಾರಂನ ಕೊನೆಗೆ ಒಂದು ಗೆರೆ ಎಳೆದು ಕೆಳಗೆ ಅಚ್ಚು ಹಾಕಿಸಿದ್ದರು: ಮನೆಯ ಯಜಮಾನರ ಸಹಿ.

ಹೊಡೆಸಿಕೊಂಡವಳ ದೂರಿನ ಕಾಗದಕ್ಕೆ ಹೊಡೆದವನ ಸಹಿ. ಇದನ್ನು ಯೋಚಿಸಿದ ಮಹಾನುಭಾವರ ತಲೆಯಲ್ಲಿ ಏನಿತ್ತೋ ನನಗೆ ತಿಳಿಯದು. ಆದರೆ ಅದನ್ನು ಮೊದಲ ಸಲ ಓದಿದಾಗ ನಾವ್ಯಾರೂ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಹತ್ತಿಯಮ್ಮನಿಗಂತೂ ಕಣ್ಣು ತುಂಬಿಬಂತು. "ನನ್ನ ಕಾಲದಲ್ಲಿ ಇಷ್ಟು ಕೇಳೋರಾದ್ರೂ ಯಾರಿದ್ರು?" ಎಂದಳು. ಮೊದಲ ವಾರವೇ ಮಗಳ ಹೆಸರಿನಲ್ಲಿ ಒಂದು ಫಾರಂ ತೆಗೆದುಕೊಂಡಳು. ಮಗಳನ್ನು ಕೇಳಲಿಲ್ಲ, ಕೇಳಿದರೆ ಇಲ್ಲ ಎನ್ನುತ್ತಾಳೆಂದು ಗೊತ್ತಿತ್ತು. ತಾನೇ ಆರಕ್ಕೆ ಆರೂ 'ಹೌದು' ಎಂದು ಗುರುತು ಹಾಕಿ ಕಟ್ಟಿನೊಳಗೆ ಸೇರಿಸಿದಳು.

ಎರಡನೇ ಗುರುವಾರ ಬೆಳಿಗ್ಗೆ ಬೆಂಚು ತುಂಬಿತ್ತು. ಮೂರನೆಯ ಗುರುವಾರ ನೆಲದ ಮೇಲೂ ಕುಳಿತಿದ್ದರು. ಒಬ್ಬಳ ಓಲೆಯನ್ನು ಹಿಡಿದೆಳೆದು ಕಿವಿಯ ಹಾಲೆ ಎರಡು ಹೋಳಾಗಿತ್ತು. ಒಬ್ಬಳ ಅಂಗೈಯನ್ನು ಒಲೆಯ ಮೇಲೆ ಒತ್ತಿ ಹಿಡಿದಿದ್ದರು. ಐದು ತಿಂಗಳ ಬಸುರಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಳು, ಅವಳ ಕಾಲ ಕೆಳಗೆ ಸಿಮೆಂಟಿನ ಮೇಲೆ ರಕ್ತ ಹನಿಯುತ್ತಿತ್ತು. ಎಲ್ಲರೂ ಹಿಂದಿನ ದಿನ ಹಳದಿ ಜಾಕೀಟಿನವರು ಹೋಗಿ ಬಂದ ಮನೆಯವರು. ಗಂಡಂದಿರು ಕುರ್ಚಿ ಕೊಟ್ಟಿದ್ದರು, ನೀರು ಕೊಟ್ಟಿದ್ದರು, ಕರಪತ್ರ ಕೇಳಿ ತಲೆಯಾಡಿಸಿ ಸಹಿ ಹಾಕಿದ್ದರು. ಬಂದವರು ಬೀದಿ ದಾಟಿದ ಮೇಲೆ ಬಾಗಿಲು ಹಾಕಿಕೊಂಡಿದ್ದರು.

ಹತ್ತಿಯಮ್ಮ ತಣ್ಣಗಾಗಿಹೋದಳು. ಮಗಳ ಫಾರಂ ವಾಪಸು ಕೊಡಿ ಎಂದು ಡಾಕ್ಟರ ಕೋಣೆಗೆ ಹೋಗಿ ಕೇಳಿದಳು. ಡಾಕ್ಟರು ಒಳ್ಳೆಯವರೇ, ಆದರೆ ಮೇಲಿನಿಂದ ಬಂದ ಕಾಗದವೆಂದರೆ ಅವರಿಗೆ ಜ್ವರ. "ಮೇಲಕ್ಕೆ ಹೋದದ್ದು ಹೋಯ್ತಮ್ಮ. ಸರದಿ ಏಳನೇ ಬುಧವಾರಕ್ಕೆ ಬಿದ್ದಿದೆ. ನಿಲ್ಲಿಸೋದಾದ್ರೆ ಮೌಲ್ಯಮಾಪನಕ್ಕೆ ಬರೋ ಅಧಿಕಾರಿ ಮಾತ್ರ ನಿಲ್ಲಿಸಬಹುದು" ಎಂದರು. ಆ ಅಧಿಕಾರಿ ಬರುವುದು ಏಳನೇ ವಾರದ ಮಂಗಳವಾರ. ಅಂದರೆ ಮಗಳ ಮನೆಯ ಭೇಟಿಗೆ ಒಂದೇ ದಿನ ಮೊದಲು. ಹತ್ತಿಯಮ್ಮ ಆ ಮಂಗಳವಾರಕ್ಕೆ ಜೀವ ಕೈಯಲ್ಲಿ ಹಿಡಿದುಕೊಂಡು ಕಾದಳು.

ಅಧಿಕಾರಿ ಮಿತಭಾಷಿ, ಮಾತಿನಲ್ಲಿ ಮರ್ಯಾದೆಯಿತ್ತು. ಡಾಕ್ಟರ ಕೋಣೆಯಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಅಚ್ಚಾದ ಪ್ರಶ್ನೆಗಳನ್ನು ಒಂದೊಂದಾಗಿ ಓದಿದರು. ಕಾರ್ಯಕ್ರಮದಿಂದ ಆದ ಪ್ರಯೋಜನ ಏನು, ಅದು ಇಲ್ಲಿನ ಜನರ ರೀತಿನೀತಿಗೆ ಹೊಂದುತ್ತದೆಯೇ. ಡಾಕ್ಟರು ಹೇಳಿದರು, "ಚೆನ್ನಾಗಿ ಹೊಂದುತ್ತೆ ಸರ್. ಒಂದು ಮನೆಯವರೂ ಬಾಗಿಲು ಹಾಕಿಲ್ಲ. ಅರವತ್ತು ಭೇಟಿ, ಅರವತ್ತು ಸಹಿ."

"ಹೌದು ಸರ್, ಹೇಳಿ ಮಾಡಿಸಿದ ಹಾಗೆ ಹೊಂದುತ್ತೆ" ಎಂದಳು ಹತ್ತಿಯಮ್ಮ. "ಇಲ್ಲಿನ ಗಂಡಸರು ಹೊಡೆಯೋಕೆ ನೆಪ ಹುಡುಕ್ತಾ ಇದ್ರು. ನೀವು ಅದನ್ನ ಮನೆ ಬಾಗಿಲಿಗೇ ತಂದುಕೊಟ್ರಿ. ಅರವತ್ತು ಮನೇಲಿ ನಲವತ್ತೊಂದು ಹೆಂಗಸರಿಗೆ ನಾನು ಪಟ್ಟಿ ಕಟ್ಟಿದೀನಿ. ನಾಳೆ ಭೇಟಿ ನಿಲ್ಲಿಸಿ ಸರ್. ನಿಮ್ಮ ಕಾಲಿಗೆ ಬೀಳ್ತೀನಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಅವರು ಕೆಟ್ಟ ಮನುಷ್ಯರಲ್ಲ, ಆ ಮಾತು ಅವರಿಗೆ ನಾಟಿತ್ತು. ರಿಜಿಸ್ಟರ್ ತರಿಸಿದರು. ಬೆರಳಿಟ್ಟು ಕಾರಣದ ಕಾಲಂ ಓದುತ್ತಾ ಕೆಳಗಿಳಿದರು. ಬಿದ್ದದ್ದು. ಬಿದ್ದದ್ದು. ಬಿದ್ದದ್ದು. ಬಿದ್ದದ್ದು. ಎರಡು ಪುಟ ಮಗುಚಿದರು, ಅಲ್ಲೂ ಅದೇ.

"ಇದು ನಿಮ್ಮ ಅಕ್ಷರ ತಾನೇ ಅಮ್ಮ?"

"ನಂದೇ ಸರ್."

"ಬರೆದಿರೋದು ಒಂದು, ಹೇಳ್ತಿರೋದು ಇನ್ನೊಂದು. ಯಾವುದನ್ನ ನಂಬಲಿ? ಬುಧವಾರ ಆದ ಮೇಲೆ ಈ ಊರಿನ ಹೆಂಗಸರು ಜಾಸ್ತಿ ಜಾರಿ ಬೀಳ್ತಾರೆ ಅಂತ ವರದಿ ಬರೆಯೋಕಾಗುತ್ತಾ?" ಅವರು ಗೇಲಿ ಮಾಡಲಿಲ್ಲ, ನಿಜವಾಗಿಯೇ ಕೇಳಿದರು. "ಬೇರೆ ಯಾರಾದ್ರೂ ಹೇಳೋರಿದ್ರೆ ಹೇಳ್ಲಿ. ಇಬ್ಬರು ಹೇಳಿದ್ರೂ ನಾನು ಈಗಲೇ ತಡೆಯಬಲ್ಲೆ."

ಹತ್ತಿಯಮ್ಮ ನನ್ನ ಕಡೆ ತಿರುಗಿದಳು. "ಕಾಂಪೌಂಡರೇ, ನೀವು ಹೇಳಿ. ನೋವಿನ ಮಾತ್ರೆ ಕೊಟ್ಟೋರು ನೀವೇ ಅಲ್ವಾ?"

ಇಲ್ಲಿ ನನ್ನ ಸಂಗತಿ ಹೇಳಬೇಕು. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ನಾನೇ ನನ್ನ ಹೆಂಡತಿಯನ್ನು ಆ ಕೋಣೆಗೆ ಕರೆದುಕೊಂಡು ಹೋಗಿದ್ದೆ. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿತ್ತು. ಹತ್ತಿಯಮ್ಮ ನನ್ನ ಉಂಗುರವನ್ನು ಒಮ್ಮೆ ನೋಡಿದಳು, ರಿಜಿಸ್ಟರಿನಲ್ಲಿ 'ಬಿದ್ದದ್ದು' ಎಂದು ಬರೆದಳು, ಆಮೇಲೆ ಒಂದು ದಿನವೂ ಆ ಮಾತೆತ್ತಲಿಲ್ಲ. ಈಗ ನಾನು ಬಾಯಿ ಬಿಟ್ಟು, ಆ ಪುಸ್ತಕದಲ್ಲಿರುವುದೆಲ್ಲ ಸುಳ್ಳು ಎಂದರೆ, ನಾಲ್ಕು ಜನ ಪುಟ ತಿರುವುತ್ತಾರೆ. ತಿರುವಿದರೆ ನನ್ನ ಮನೆಯ ಹೆಸರೂ ಸಿಗುತ್ತದೆ. "ಕಾರ್ಯಕ್ರಮ ಚೆನ್ನಾಗಿಯೇ ಇದೆ ಸರ್. ನನಗೆ ಅಂಥದ್ದೇನೂ ಕಂಡಿಲ್ಲ" ಎಂದೆ. ಹತ್ತಿಯಮ್ಮ ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆಕೆ ಎದ್ದು ಹೋದಳು.

ಅಲ್ಲಿಂದ ನೇರ ಮಗಳ ಮನೆಗೆ ಹೋದಳಂತೆ. ಮುಂದಿನದನ್ನು ಮಗಳೇ ನನಗೆ ಆಮೇಲೆ ಹೇಳಿದ್ದು. ಬಡಗಿ ಮರ ತರಲು ಹೋಗಿದ್ದ. ಫಾರಂ ವಿಷಯ ಕೇಳಿ ಮಗಳು ಕೈಯಲ್ಲಿದ್ದ ಪೊರಕೆಯನ್ನು ನೆಲಕ್ಕೆ ಹಾಕಿದಳು.

"ನನ್ನ ಒಂದು ಮಾತು ಕೇಳಿದ್ಯಾ ಅಮ್ಮ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅನ್ನೋಕೆ ನನಗೂ ಕಾರಣ ಇತ್ತು. ಅವನ ಕೈ ಯಾವಾಗ ಏಳುತ್ತೆ, ಯಾವಾಗ ಏಳಲ್ಲ ಅಂತ ಒಂಬತ್ತು ವರ್ಷದಿಂದ ಕಲ್ತಿದೀನಿ. ಅಷ್ಟರಿಂದಲೇ ಉಸಿರಾಡ್ತಾ ಇದೀನಿ. ಅದನ್ನೂ ಕೆಡಿಸಿದೆ."

"ಈಗಲೇ ಹೊರಡು, ನಮ್ಮ ಮನೆಗೆ ಹೋಗೋಣ."

"ಹೋದ ಸಲ ಬಂದಾಗ ಮೂರು ದಿನ ಇಟ್ಕೊಂಡೆ" ಎಂದಳು ಮಗಳು. "ಈ ಸಲ ಎಷ್ಟು ದಿನ?"

ಮಗಳು ಪೊರಕೆ ಎತ್ತಿಕೊಂಡು ಮರದ ಹೊಟ್ಟು ಗುಡಿಸತೊಡಗಿದಳು.

ಬುಧವಾರ ಹತ್ತಿಯಮ್ಮ ಕೆಲಸಕ್ಕೆ ರಜೆ ಹಾಕಿದಳು. ಮಧ್ಯಾಹ್ನ ಮೂರಕ್ಕೇ ಹೋಗಿ ಅಳಿಯನ ಮನೆಯ ಮುಂಗೋಣೆಯಲ್ಲಿ ಕುಳಿತಳು. ಆ ಕೋಣೆಯೇ ಅವನ ಕಾರ್ಖಾನೆ. ಅರ್ಧ ಮುಗಿದ ಬೀರು, ಗೋಡೆಗೆ ಒರಗಿಸಿದ ಹಲಗೆಗಳು, ಮೂಲೆಯಲ್ಲಿ ಸಣ್ಣ ಒಲೆ, ಅದರ ಮೇಲೆ ಅಂಟು ಕಾಯಿಸುವ ಡಬ್ಬಿ. ಅತ್ತೆ ಯಾಕೆ ಬಂದಿದ್ದಾರೆಂದು ಅವನಿಗೆ ತಿಳಿಯಲಿಲ್ಲ. ನಾಲ್ಕೂವರೆಗೆ ಹಳದಿ ಜಾಕೀಟಿನ ಇಬ್ಬರು ಬಂದಾಗ ತಿಳಿಯಿತು. ಅವನು ಕುರ್ಚಿಯ ಮೇಲಿನ ಹೊಟ್ಟನ್ನು ತನ್ನ ಅಂಗಿಯ ತುದಿಯಿಂದಲೇ ಒರೆಸಿ ಅವರನ್ನು ಕೂರಿಸಿದ. ಅವರು ಓದಿದರು: ಕೋಪ ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಿ, ಮನಸ್ಸು ತಿಳಿಯಾಗುತ್ತದೆ. "ಒಳ್ಳೇ ಮಾತು ಸರ್" ಎಂದ. ಗೆರೆಯ ಮೇಲೆ ದುಂಡಗೆ ಸಹಿ ಮಾಡಿದ. ಬೀದಿಯವರೆಗೂ ಹೋಗಿ ಬೀಳ್ಕೊಟ್ಟು ಬಂದ.

ಒಳಗೆ ಬಂದು ಬಾಗಿಲ ಚಿಲಕ ಹಾಕಿದ. ಅಂಗಿ ಬಿಚ್ಚಿ ಮೊಳೆಗೆ ನೇತು ಹಾಕಿದ, ಕೊಳೆಯಾಗಬಾರದಲ್ಲ. ಉಳಿಗೆ ಬಡಿಯುವ ಮರದ ಕೊಡತಿ ಕೈಗೆತ್ತಿಕೊಂಡ.

"ಅತ್ತೆ, ನೀವು ಮನೆಗೆ ಹೋಗಿ. ಇದು ನಮ್ಮಿಬ್ಬರ ವಿಷಯ."

ಒಂಬತ್ತು ವರ್ಷದಿಂದ ಅವನನ್ನು ಬಹುವಚನದಲ್ಲೇ ಮಾತಾಡಿಸಿದವಳು ಆಕೆ. "ಆ ಫಾರಂ ಬರೆದವಳು ನಾನು ಕಣೋ" ಎಂದಳು. "ಅವಳಿಗೆ ಗೊತ್ತೇ ಇರಲಿಲ್ಲ. ಹೊಡೆಯೋದಿದ್ರೆ ನನ್ನ ಹೊಡಿ."

"ಎಣಿಸಬೇಕಂತೆ" ಎಂದು ಅವನು ನಕ್ಕ. "ಒಂದು" ಎನ್ನುತ್ತಾ ಹೆಂಡತಿಯ ಬೆನ್ನಿಗೆ ಬಡಿದ. ಎರಡು, ಭುಜಕ್ಕೆ. ಅವಳು ಬೀರುವಿಗೆ ತಾಗಿ ಕುಸಿದಳು. ಮೂರು, ತೊಡೆಗೆ. ಅವನಿಗೆ ಅವಸರವೇ ಇರಲಿಲ್ಲ, ಮೊಳೆ ಹೊಡೆಯುವಾಗ ಇಡುವಷ್ಟೇ ಬಿಡುವು ಇಟ್ಟು ಹೊಡೆದ. ನಾಲ್ಕನೆಯದು ತಲೆಯ ಕಡೆಗೆ ಬರುವುದನ್ನು ನೋಡಿ ಹತ್ತಿಯಮ್ಮ ನಡುವೆ ನುಗ್ಗಿ ಬಲಗೈ ಅಡ್ಡ ಹಿಡಿದಳು. ಮುಂಗೈ ಮುರಿದ ಸದ್ದು ಹಲಗೆ ಸೀಳಿದಂತೆ ಕೇಳಿಸಿತಂತೆ. ಆಕೆ ನೆಲಕ್ಕೆ ಬಿದ್ದಳು. ಅವನು ಆಕೆಯ ಮುರಿದ ಕೈಯ ಮೇಲೆ ಹಿಮ್ಮಡಿ ಇಟ್ಟು ನಿಂತು, "ಇದೇ ಕೈಯಲ್ಲಿ ತಾನೇ ಬರೆದದ್ದು?" ಎಂದ. ಐದು ಎಂದ, ಬೆರಳುಗಳ ಮೇಲೆ. ಆರು ಎಂದ, ಮತ್ತೆ ಅಲ್ಲೇ. ಎರಡು ಬೆರಳು ಚರ್ಮ ಸೀಳಿ ಬಿಳಿ ಎಲುಬು ಕಂಡಿತು. ಏಳು ಎನ್ನುವ ಮೊದಲು ಮಗಳು ಎದ್ದಳು. ಒಲೆಯ ಮೇಲೆ ಕುದಿಯುತ್ತಿದ್ದ ಅಂಟಿನ ಡಬ್ಬಿಯನ್ನು ಬರಿಗೈಯಲ್ಲೇ ಎತ್ತಿ ಅವನ ಎದೆಗೆ ಸುರಿದಳು. ಅವನು ಚೀರುತ್ತಾ ಎದೆಯನ್ನು ಕೆರೆದುಕೊಂಡ, ಅಂಟಿನ ಜೊತೆ ಚರ್ಮವೂ ಕೈಗೆ ಬಂತು. ಅವಳು ಚಿಲಕ ತೆಗೆದು ತಾಯಿಯನ್ನು ಎಳೆದುಕೊಂಡು ಬೀದಿಗೆ ಬಂದಳು.

ತನಗೆ ಬಿದ್ದ ಒಂಬತ್ತು ವರ್ಷದ ಏಟಿಗೆ ದಾಟದ ಹೊಸ್ತಿಲನ್ನು ಅವಳು ತಾಯಿಗೆ ಬಿದ್ದ ಮೂರು ಏಟಿಗೆ ದಾಟಿದಳು.

ಆರು ಗಂಟೆಗೆ ನಾನು ಕಿಟಕಿ ಮುಚ್ಚುತ್ತಿದ್ದೆ. ತಾಯಿ ಮಗಳು ಬಂದು ಬೆಂಚಿನ ಮೇಲೆ ಕುಳಿತರು. ಹತ್ತಿಯಮ್ಮ ಆ ಬೆಂಚಿನ ಮೇಲೆ ಕುಳಿತದ್ದನ್ನು ನಾನು ಅದೇ ಮೊದಲು ನೋಡಿದ್ದು. ಡಾಕ್ಟರು ಓಡಿ ಬಂದು ಕೈ ನೋಡಿ ದೊಡ್ಡ ಆಸ್ಪತ್ರೆಗೆ ವಾಹನ ಕರೆಸಲು ಫೋನಿನ ಕಡೆ ಹೋದರು. ಅಲ್ಲಿಯವರೆಗೆ ರಕ್ತ ನಿಲ್ಲಿಸಬೇಕಿತ್ತು, ಬೇರೆ ಯಾರೂ ಇರಲಿಲ್ಲ, ನಾನೇ ಹತ್ತಿ ಹಿಡಿದೆ. "ಇನ್ನೂ ಬಿಗಿಯಾಗಿ ಕಟ್ಟಿ" ಎಂದು ಆಕೆ ಹಲ್ಲು ಕಚ್ಚಿಕೊಂಡೇ ನನಗೆ ಕೆಲಸ ಹೇಳಿಕೊಟ್ಟಳು. ಆಮೇಲೆ ಹೇಳಿದಳು, "ರಿಜಿಸ್ಟರ್ ತಗೊಳ್ಳಿ. ಬರೀರಿ. ಅಳಿಯ ಹೊಡೆದದ್ದು. ಕೊಡತಿಯಿಂದ. ಬುಧವಾರ, ಭೇಟಿಯವರು ಹೋದ ಮೇಲೆ."

ನಾನು ಬರೆದೆ. ಬರೆದು ಪುಸ್ತಕ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಹೋದೆ. ನಿನ್ನೆಯಿಂದ ಊರಲ್ಲೇ ಉಳಿದಿದ್ದ ಅಧಿಕಾರಿ ಅಲ್ಲಿ ವರದಿ ಮುಗಿಸುತ್ತಿದ್ದರು. "ನಿನ್ನೆ ನಾನು ಸುಳ್ಳು ಹೇಳಿದೆ ಸರ್" ಎಂದೆ. ಪುಟ ತೆರೆದು ತೋರಿಸಿದೆ. ಇಪ್ಪತ್ತೆರಡು ವರ್ಷದ ಪುಟಗಳಲ್ಲಿ ಏನು ಅಡಗಿದೆ ಎಂಬುದನ್ನೂ ಹೇಳಿದೆ, ನನ್ನ ಮನೆಯದನ್ನೂ ಬಿಡದೆ. ಒಂದು ದಿನ ಮೊದಲು ಹೇಳಿದ್ದರೆ ಅದಕ್ಕೆ ಬೆಲೆಯಿರುತ್ತಿತ್ತು.

ಅವರು ಎದ್ದು ಬೆಂಚಿನ ಬಳಿ ಬಂದರು. ಅವರ ಕೈಯಲ್ಲಿ ಹಳದಿ ಜಾಕೀಟಿನವರು ಆಗಷ್ಟೇ ತಂದುಕೊಟ್ಟ ಬಡಗಿಯ ಮನೆಯ ಫಾರಂ ಇತ್ತು, ದುಂಡನೆಯ ಸಹಿ ಇನ್ನೂ ಹೊಸದಾಗಿತ್ತು. ಹತ್ತಿಯಮ್ಮ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು. ಮಗಳ ಎರಡೂ ಅಂಗೈಗೆ ನಾನು ಮುಲಾಮು ಹಚ್ಚಿ ಬಟ್ಟೆ ಸುತ್ತಿದ್ದೆ. ಅಧಿಕಾರಿ ಅವಳ ಮುಂದೆ ಬಗ್ಗಿ ಕುಳಿತರು. ಏನು ಕೇಳಬೇಕೆಂದು ತೋಚಲಿಲ್ಲವೋ, ಅಭ್ಯಾಸ ಬಲವೋ, ಅಚ್ಚಾದ ಪ್ರಶ್ನೆಯನ್ನೇ ಕೇಳಿಬಿಟ್ಟರು.

"ಈ ಕಾರ್ಯಕ್ರಮದಿಂದ ನಿಮಗೇನಾದ್ರೂ ಪ್ರಯೋಜನ ಆಯ್ತಾ ಅಮ್ಮ?"

"ಆಯ್ತು" ಎಂದಳು ಮಗಳು. "ಮನೆ ಬಿಟ್ಟು ಬಂದೆ. ಇನ್ನು ಹೋಗಲ್ಲ."

ಅವರ ಪೆನ್ನು ಕಾಗದದ ಕಡೆಗೆ ಹೋಯಿತು. ಮಗಳು ತಾಯಿಯ ಕೈಯನ್ನು, ಆ ರಕ್ತದ ಮುದ್ದೆಯನ್ನು, ನಿಧಾನವಾಗಿ ಎತ್ತಿ ಅವರ ಫಾರಂನ ಮೇಲೆ ಇಟ್ಟಳು.

"ಅದನ್ನ ಬರೀತೀರಲ್ಲ ಸರ್. ಇದನ್ನ ಎಲ್ಲಿ ಬರೀತೀರಿ?"

ಅಧಿಕಾರಿ ಪೆನ್ನು ಜೇಬಿಗೆ ಹಾಕಿ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಬುಧವಾರದ ಭೇಟಿಗಳು ಅವತ್ತಿಗೇ ನಿಂತವು. ಅಳಿಯ ಬೇರೆ ಆಸ್ಪತ್ರೆಗೆ ಹೋಗಿ ಅಂಟಿನ ಡಬ್ಬಿ ಕೈಜಾರಿ ಬಿತ್ತೆಂದು ಬರೆಸಿದನಂತೆ. ಪೊಲೀಸರು ಅಲ್ಲಿಂದಲೇ ಅವನನ್ನು ಕರೆದೊಯ್ದರು, ಈ ಸಲ ರಾಜಿಗೆ ಯಾರೂ ಒಪ್ಪಲಿಲ್ಲ. ಹತ್ತಿಯಮ್ಮನ ಎರಡು ಬೆರಳು ತೆಗೆದರು, ಉಳಿದವು ಮಡಚುವುದಿಲ್ಲ, ಕೆಲಸ ಹೋಯಿತು. ಮಗಳು ತಾಯಿಯ ಮನೆಯಲ್ಲೇ ಇದ್ದಾಳೆ. ದಿನವೂ ತಾಯಿಯ ತಲೆ ಬಾಚುತ್ತಾಳೆ, ತುತ್ತು ಕಲಸಿ ಕೊಡುತ್ತಾಳೆ. ಆದರೆ ತನ್ನನ್ನು ಕೇಳದೆ ತನ್ನ ಹೆಸರಿನಲ್ಲಿ ಹೌದು ಎಂದು ಬರೆದದ್ದನ್ನು ಇನ್ನೂ ಕ್ಷಮಿಸಿಲ್ಲ. ಹೋದ ವಾರ ನಾನು ಹೋದಾಗ ಹತ್ತಿಯಮ್ಮ ಅದನ್ನೇ ಹೇಳಿದಳು, ಮಗಳ ಎದುರಿಗೇ ಹೇಳಿದಳು. ಮಗಳು ತಾಯಿಯ ಬಾಯಿಗೆ ಇನ್ನೊಂದು ತುತ್ತು ಇಟ್ಟಳು.